ಗ್ಯಾಸ್ ಟ್ಯೂಬಿಗೂ ವಯಸ್ಸಾಗುತ್ತದೆ

ಮೊನ್ನೆ ಪಲ್ಲಡಂನಲ್ಲಿ ನೆಂಟರ ಮನೆಗೆ ಹೋಗಿದ್ದೆ. ಆ ಕಡೆ ಕಿವಿಗೆ ಮೊದಲು ಬೀಳುವುದೇ ಪವರ್‌ಲೂಮ್ ಸದ್ದು. ದೇವಾಂಗದವರ ಮನೆಗಳಲ್ಲಿ ಇವತ್ತಿಗೂ ಮಾತು ಕನ್ನಡ, ಓದು ಮಾತ್ರ ತಮಿಳು. ಚಿಕ್ಕಮ್ಮ ಕಾಫಿಗೆ ಹಾಲಿಟ್ಟರು. ಒಲೆಯ ಹಿಂದಿನ ರಬ್ಬರ್ ಟ್ಯೂಬಿನ ಮೇಲೆ ನನ್ನ ಕಣ್ಣು ಹೋಯಿತು. ಬಣ್ಣ ಮಾಸಿ, ಬಾಗಿದ ಕಡೆಯೆಲ್ಲ ಬಿರುಕು. ಪಕ್ಕದಲ್ಲೇ ನೂಲಿನ ಮೂಟೆ.

"ಚಿಕ್ಕಮ್ಮಾ, ಈ ಟ್ಯೂಬ್ ಯಾವಾಗ ಬದಲಾಯಿಸಿದ್ದು?"

"ಒಲೆ ಬಂದಾಗಿನಿಂದ ಅದೇ ಕಣಪ್ಪ. ಚೆನ್ನಾಗೇ ಉರೀತಿದೆಯಲ್ಲ!"

ಈ "ಚೆನ್ನಾಗೇ ಉರೀತಿದೆಯಲ್ಲ" ಅನ್ನುವ ಮಾತೇ ನನಗೆ ಭಯ ಹುಟ್ಟಿಸಿದ್ದು. ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಐದು ವರ್ಷಕ್ಕೊಮ್ಮೆ ಏಜೆನ್ಸಿಯ ಮೆಕ್ಯಾನಿಕ್ ಬಂದು ಒಲೆ, ರೆಗ್ಯುಲೇಟರ್, ಟ್ಯೂಬ್ ಮೂರನ್ನೂ ಪರೀಕ್ಷೆ ಮಾಡಬೇಕೆಂಬ ನಿಯಮವೂ ಇದೆ. ನಾವು ಮಾಡುವುದೇನು? ಸೈಕಲ್ ಅಂಗಡಿಯ ಹುಡುಗನನ್ನು ಕರೆದು ಕ್ಲಿಪ್ ಬಿಗಿಸುತ್ತೇವೆ, ಸೋಪಿನ ಚೂರು ಮೆತ್ತುತ್ತೇವೆ!

ಹಿಂದೆ ಸೌದೆ ಒಲೆಯ ಕಾಲದಲ್ಲಿ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಹೊಗೆ ತುಂಬಿದರೆ ಕಣ್ಣು ಉರಿಯುತ್ತಿತ್ತು, ಬಾಗಿಲು ತೆಗೆಯುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿಕೊಟ್ಟಾಗ ಹೊಗೆಗೆ ಕೊಳವೆ ಬಂತು. ಆ ಕೊಳವೆಯಲ್ಲಿ ಕಟ್ಟಿದ ಮಸಿ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ. ಯಂತ್ರ ಯಾವುದಾದರೂ ಆರೈಕೆ ತಪ್ಪಿದ್ದಲ್ಲ. ಆದರೆ ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸ್ವಂತ ವಾಸನೆಯೂ ಇಲ್ಲ, ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ನಾತದ ವಸ್ತು ಬೆರೆಸುತ್ತಾರೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂತಿರುತ್ತದೆ. ಆಗ ಲೈಟಿನ ಸ್ವಿಚ್ ಒತ್ತಿದರೂ ಕಿಡಿ ಹಾರಿ ಹೊತ್ತಿಕೊಳ್ಳಬಹುದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಗುಣ ಬೇರೆ. ಅದು ಹಗುರ, ಮೇಲಕ್ಕೇರುತ್ತದೆ.

"ಮೇಷ್ಟ್ರಿಗೆ ಪಾಠ ಬಿಟ್ಟು ಗ್ಯಾಸಿನ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. 2004ರ ಜುಲೈ 16 ನೆನಪಿಸಿಕೊಳ್ಳಿ. ಕುಂಭಕೋಣಂನ ಶಾಲೆಯ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ಹೋದರು. ಆ ದುರಂತದಿಂದ ಹುಟ್ಟಿದ ಮೊಕದ್ದಮೆಯಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ತಮಿಳುನಾಡಿನಲ್ಲಿ 1982ರಿಂದ ಮಧ್ಯಾಹ್ನದ ಊಟದ ಯೋಜನೆ, 2022ರಿಂದ ಬೆಳಗಿನ ತಿಂಡಿಯ ಯೋಜನೆ ಬಂದಿವೆ. ಅಂದರೆ ಶಾಲೆಯೆಂದ ಮೇಲೆ ಒಲೆಯೂ ಉಂಟು. ಪಾಠದ ಮನೆ, ಅಡುಗೆ ಮನೆ ಬೇರೆ ಬೇರೆ ಎಂದು ಮೇಷ್ಟ್ರು ಕೂರುವಂತಿಲ್ಲ.

ನಮ್ಮ ಕನ್ನಡ ಶಾಲೆಗಳಿಗೆ ಇನ್ನೊಂದು ಕಷ್ಟವಿದೆ. ಇಲ್ಲಿ ಗ್ಯಾಸ್ ಪುಸ್ತಕದ ಸೂಚನೆಗಳು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ತಾಳವಾಡಿ, ಹೊಸೂರು ಕಡೆಯ ಎಷ್ಟೋ ತಾಯಂದಿರಿಗೆ ಎರಡೂ ಓದಲು ಬರುವುದಿಲ್ಲ. ಕನ್ನಡ ಉಳಿಯಬೇಕೆಂದು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಜೀವ ಉಳಿಸುವ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಮನೆಗೆ ಕಳಿಸಲು ಯಾವ ಸರ್ಕಾರದ ಅಪ್ಪಣೆ ಬೇಕು?

ನನ್ನ ಸಲಹೆ ಸಣ್ಣದು. ಒಂದು ದಿನದ ಮನೆಪಾಠವಾಗಿ ಮಕ್ಕಳು ಟ್ಯೂಬಿನ ಮೇಲಿನ ವರ್ಷ ಬರೆದುಕೊಂಡು ಬರಲಿ. ಸಿಲಿಂಡರಿನ ಕೊರಳಲ್ಲಿರುವ ಅಕ್ಷರವನ್ನೂ ನೋಡಲಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಎರಡು ಅಂಕಿ ವರ್ಷದ್ದು. ಆ ಅವಧಿ ದಾಟಿದ್ದರೆ ಸಿಲಿಂಡರ್ ವಾಪಸು ಕೊಡಬೇಕು. ಗಣಿತವೂ ಆಯಿತು, ವಿಜ್ಞಾನವೂ ಆಯಿತು. ಮುಟ್ಟುವುದು ಬೇಡ, ಓದಿದರೆ ಸಾಕು. ಬಿಚ್ಚಿ ಜೋಡಿಸುವ ಕೆಲಸ ಮೆಕ್ಯಾನಿಕ್‌ಗೇ ಇರಲಿ.

ಅಂದ ಹಾಗೆ, ಚಿಕ್ಕಮ್ಮನ ಮನೆಗೆ ಮಾರನೇ ದಿನವೇ ಏಜೆನ್ಸಿಯ ಮೆಕ್ಯಾನಿಕ್ ಬಂದರು. ಹೊಸ ಟ್ಯೂಬಿಗೆ ಆದ ಖರ್ಚು ಕೇಳಿ ಚಿಕ್ಕಮ್ಮ ನಕ್ಕರು. "ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ಜಿಪುಣತನ ಮಾಡಿದ್ದು!"