ಕರೆಂಟೇ ಫ್ರೀ ಇರುವಾಗ ಸೋಲಾರ್ ಯಾಕವ್ವ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಮದ್ದೂರಲ್ಲಿ ಇಳಿದು, ವಾಡಿಕೆಯಂತೆ ವಡೆ ಕಟ್ಟಿಸ್ಕೊಂಡು, ಮಳವಳ್ಳಿ ಕಡೆ ಬಸ್ ಹತ್ತಿದೆ. ಕೈಯಲ್ಲಿ ವಡೆ, ತಲೆಯಲ್ಲಿ ಒಂದು ಪ್ಲಾನ್. ಅಪ್ಪನ ಮನೆ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋದು!

ನಮ್ಮ ಆಫೀಸಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಇದೇ ಮಾತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂತಲ್ಲ, ಅದು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಯೋಜನೆ. ನಮ್ಮ ಮನೆಯೂ ಆ ಒಂದು ಕೋಟಿಯಲ್ಲಿ ಒಂದಾಗಲಿ ಅಂತ ನನ್ನ ಆಸೆ.

ಅಪ್ಪ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಎದ್ದು ಹೋಗಿ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ಕರೆಂಟ್ ಬಿಲ್ ತಂದು ನನ್ನ ಕೈಗಿಟ್ರು. ಬಳಕೆ 70 ಯೂನಿಟ್ ಚಿಲ್ಲರೆ. ಕಟ್ಟಬೇಕಾದ ಹಣ: ಸೊನ್ನೆ.

"ಸೊನ್ನೆಗಿಂತಲೂ ಕಮ್ಮಿ ಮಾಡ್ತದಾ ಕಣವ್ವ ನಿನ್ನ ಸೋಲಾರು?"

ನನ್ನ ಹತ್ರ ಉತ್ತರ ಇರ್ಲಿಲ್ಲ. 2023ರ ಜುಲೈನಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 200 ಯೂನಿಟ್ ಮಿತಿಯೊಳಗೆ, ನಮ್ಮ ಹಳೇ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನವರೆಗೂ ಉಚಿತ. ಅಮ್ಮನಿಗೆ ಅದು ತಿಂಗಳು ತಿಂಗಳು ಉಳಿಯೋ ದುಡ್ಡು, ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಲೆಕ್ಕ ನೋಡಿ. ಒಂದು ಸರ್ಕಾರ "ಪ್ಯಾನಲ್ ಹಾಕು, 78,000 ಕೊಡ್ತೀನಿ" ಅನ್ನುತ್ತೆ. ಇನ್ನೊಂದು "ಬಿಲ್ಲೇ ಕಟ್ಟಬೇಡ" ಅನ್ನುತ್ತೆ. ಎರಡೂ ಸಬ್ಸಿಡಿನೇ, ಆದ್ರೆ ಒಂದರ ಕಾಲು ಇನ್ನೊಂದು ಎಳೀತಿದೆ.

ಮಳವಳ್ಳಿ ಟೌನಲ್ಲಿರೋ ನಮ್ಮ ದೊಡ್ಡಪ್ಪನ ಮಗನ ಮನೆ ಕತೆ ಬೇರೆ. ಎಸಿ, ಗೀಸರ್, ಎರಡು ಫ್ರಿಜ್ಜು, ತಿಂಗಳಿಗೆ 300 ಯೂನಿಟ್. 200 ದಾಟಿದ ಮೇಲೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದ್ಕೊಂಡ್ರೂ 1,800 ಆಯ್ತು, ನಿಗದಿತ ಶುಲ್ಕ ಬೇರೆ. 3 ಕಿಲೋವ್ಯಾಟ್ ಪ್ಯಾನಲ್ ತಿಂಗಳಿಗೆ ಸುಮಾರು 300ರಿಂದ 350 ಯೂನಿಟ್ ಕೊಡುತ್ತೆ. ಎರಡು ಲಕ್ಷ ಖರ್ಚಲ್ಲಿ ಸಬ್ಸಿಡಿ ಕಳೆದ್ರೆ ಕೈಯಿಂದ ಹಾಕೋದು 1,22,000. ಐದಾರು ವರ್ಷದಲ್ಲಿ ಅಸಲು ವಾಪಸ್. ಅಣ್ಣ ಹಾಕಿಸಿದ್ದಾನೆ, ಖುಷಿಯಾಗಿದ್ದಾನೆ.

ಅದೇ ಪ್ಯಾನಲ್ ಅಪ್ಪನ ತಾರಸಿ ಮೇಲೆ ಇಟ್ರೆ? ಉಳಿಸೋಕೆ ಬಿಲ್ಲೇ ಇಲ್ಲ. ಹೆಚ್ಚಾದ ಕರೆಂಟನ್ನ ಲೈನಿಗೆ ಕೊಡಬಹುದು, ಆದ್ರೆ ಅದಕ್ಕೆ ಸಿಗೋ ದರ ನಾವು ಕೊಳ್ಳೋ ದರಕ್ಕಿಂತ ತುಂಬಾ ಕಮ್ಮಿ. ಅಸಲು ಹುಟ್ಟೋಕೆ ಎಷ್ಟು ವರ್ಷ ಬೇಕೋ!

"ಹೋಗ್ಲಿ, ಕರೆಂಟ್ ಹೋದಾಗಲಾದ್ರೂ ಮನೇಲಿ ದೀಪ ಉರೀತದಾ?" ಅಂದ್ರು ಅಪ್ಪ.

ಇಲ್ಲ. ಬ್ಯಾಟರಿ ಇಲ್ಲದ, ಲೈನಿಗೆ ಸೇರಿಸಿದ ಮಾಮೂಲಿ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಕಂಬದ ಮೇಲೆ ರಿಪೇರಿ ಮಾಡ್ತಿರೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರ್ದು ಅಂತ. ಇದನ್ನ ಹೇಳೋಷ್ಟರಲ್ಲಿ ನನ್ನ ಪ್ಲಾನ್ ಪೂರ್ತಿ ಮುಗಿದಿತ್ತು. ವಡೆನೂ ಮುಗಿದಿತ್ತು.

ಸಬ್ಸಿಡಿ ಅಂದ್ರೆ ದುಡ್ಡು ಕೊಡೋದು ಮಾತ್ರ ಅಂತ ನಾವು ಅಂದ್ಕೋತೀವಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರನೇ ನೋಡಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ, 1902ರಲ್ಲಿ ಕರೆಂಟ್ ಹರೀತು. ಕಾವೇರಿ ನೀರಿಂದ ಹುಟ್ಟಿದ್ದು, ಅಂದ್ರೆ ಈಗ ನಾವು ಹಸಿರು ವಿದ್ಯುತ್ ಅನ್ನೋದೇ. ಅದು ಮೊದಲು ಹೋಗಿದ್ದು ಪಕ್ಕದ ಹಳ್ಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ದುಡ್ಡು ಹಾಕಿದ್ದು ಮೈಸೂರು ಸರ್ಕಾರ, ಧೈರ್ಯ ಕೊಟ್ಟಿದ್ದು ಕರೆಂಟ್ ಕೊಳ್ಳೋಕೆ ತಯಾರಿದ್ದ ಗಣಿ. ಕೊಳ್ಳೋರು ಗಟ್ಟಿ ಇದ್ರೆ ಕಟ್ಟೋರಿಗೆ ಧೈರ್ಯ.

ಧೈರ್ಯ ಹೋದ್ರೆ ಏನಾಗುತ್ತೆ? ಗಾಳಿ ವಿದ್ಯುತ್ತಿಗೆ ಇದ್ದ ತೆರಿಗೆ ರಿಯಾಯಿತಿಯನ್ನ ಕೇಂದ್ರ 2012ರ ಮಾರ್ಚ್ ಕೊನೆಗೆ ನಿಲ್ಲಿಸ್ತು. ಆ ವರ್ಷ ದೇಶದಲ್ಲಿ ಸುಮಾರು 3,200 ಮೆಗಾವ್ಯಾಟ್ ಗಾಳಿಯಂತ್ರ ಎದ್ದಿದ್ವು, ಮುಂದಿನ ವರ್ಷ 1,700ರ ಆಸುಪಾಸಿಗೆ ಇಳೀತು. 2014ರಲ್ಲಿ ರಿಯಾಯಿತಿ ಮತ್ತೆ ಕೊಡಬೇಕಾಯ್ತು. ನಮ್ಮ ರಾಜ್ಯದಲ್ಲೂ 2013ರಲ್ಲಿ ಚಾವಣಿ ಸೋಲಾರ್ ಕರೆಂಟಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ತಗೊಂಡವರಿಗೆ 7 ರೂಪಾಯಿ 20 ಪೈಸೆ ಅಂತ ನಿಗದಿ ಆಗಿತ್ತು. 2016ರಲ್ಲಿ ದರ ಇಳೀತು. ಪ್ಯಾನಲ್ ಬೆಲೆ ಇಳಿದಾಗ ದರ ಇಳಿಸೋದು ಸರಿನೇ. ಆದ್ರೆ ಇವತ್ತು ಒಂದು ದರ, ನಾಳೆ ಇನ್ನೊಂದು ಅಂದ್ರೆ ಸಾಲ ಮಾಡಿ ಹಾಕಿಸೋ ಮಧ್ಯಮ ವರ್ಗದವರು "ಸ್ವಲ್ಪ ನೋಡೋಣ" ಅಂತ ಕೂತ್ಕೋತಾರೆ.

ಸೋಲಾರ್ ಬೇಡ ಅಂದ ಅದೇ ಅಪ್ಪ, ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ್ರು: "ಆ ಮೇಗಳ ಹೊಲಕ್ಕೆ ಸೋಲಾರ್ ಪಂಪು ಹಾಕ್ತಾರಂತಲ್ಲ, ಅದೇನು ನೋಡವ್ವ."

ಮೇಗಳ ಹೊಲ ನಾಲೆಗೆ ದೂರ. ಕರೆಂಟ್ ಕಂಬವೂ ದೂರ. ಕೆಳಗಿನ ತೋಟದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಫ್ರೀ, ಆದ್ರೆ ತ್ರೀ ಫೇಸ್ ಎಷ್ಟೋ ದಿನ ಬರೋದು ರಾತ್ರಿ. ಅಪ್ಪನಿಗೆ 64 ವರ್ಷ. ಟಾರ್ಚ್ ಹಿಡ್ಕೊಂಡು ಕಬ್ಬಿನ ಗದ್ದೇಲಿ ನೀರು ಕಟ್ಟೋಕೆ ಹೋದ್ರೆ, ವಾಪಸ್ ಬರೋವರೆಗೂ ಅಮ್ಮ ಮಲಗಲ್ಲ. ಹಾವಿನ ಭಯ. ಎರಡು ವರ್ಷದ ಹಿಂದೆ ಬದುವಿನ ಮೇಲೆ ಜಾರಿ ಬಿದ್ದು ಮಂಡಿ ಊದಿಸ್ಕೊಂಡಿದ್ರು. ಹೊಸ ಹೊಲಕ್ಕೂ ಅದೇ ಗೋಳು ಬೇಡ ಅನ್ನೋದು ಅವರ ಲೆಕ್ಕ.

ಕುಸುಮ್-ಬಿ ಯೋಜನೇಲಿ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50. ರೈತರ ಪಾಲು ಶೇ. 20 ಮಾತ್ರ. ಬಿಸಿಲು ಇದ್ದಾಗ ನೀರು, ಸಂಜೆಗೆ ಮನೆ. ಅಪ್ಪನಿಗೆ ಬೇಕಿರೋದು ಫ್ರೀ ಕರೆಂಟಲ್ಲ, ಹಗಲು ಹೊತ್ತಿನ ನೀರು. ಇಲ್ಲಿ ಸಬ್ಸಿಡಿ ಸರಿಯಾದ ಜಾಗಕ್ಕೆ ಬಂದು ಕೂತಿದೆ ಅನ್ನಿಸ್ತು. ಒಂದೇ ಆತಂಕ, ಬಿಸಿಲಿಗೆ ಬಿಲ್ಲಿಲ್ಲ ಅಂತ ಬೋರ್‌ವೆಲ್ ಬರಿದಾಗೋವರೆಗೂ ಎತ್ತಬಾರ್ದು. ಅದಕ್ಕೆ ಹನಿ ನೀರಾವರಿ ಹಾಕೋದಾದ್ರೆ ಮಾತ್ರ ಶೇ. 20ರ ಪಾಲು ನಾನು ಕೊಡ್ತೀನಿ ಅಂತ ಕರಾರು ಹಾಕಿದ್ದೀನಿ. ಅಪ್ಪ ಗೊಣಗಿಕೊಂಡೇ ಒಪ್ಪಿದ್ದಾರೆ. ಅರ್ಜಿ ಹಾಕಿದ್ದೀವಿ.

ನೀವೂ ಊರ ಮನೆಗೆ ಸೋಲಾರ್ ಹಾಕಿಸೋ ಯೋಚನೇಲಿದ್ರೆ, ಜಾಹೀರಾತು ನೋಡೋಕೆ ಮುಂಚೆ ಅಪ್ಪ ಅಮ್ಮನ ಒಂದು ವರ್ಷದ ಬಿಲ್ಲುಗಳ ಫೋಟೋ ವಾಟ್ಸಾಪ್‌ನಲ್ಲಿ ತರಿಸ್ಕೊಳ್ಳಿ. 200 ಯೂನಿಟ್ ದಾಟ್ತಿದ್ರೆ ಧೈರ್ಯವಾಗಿ ಹಾಕ್ಸಿ. ದಾಟದಿದ್ರೆ, "ನಿಮಗೆ ನಿಜವಾಗಿ ಏನು ಕಷ್ಟ ಇದೆ?" ಅಂತ ಒಂದು ಮಾತು ಕೇಳಿ ನೋಡಿ. ಉತ್ತರ ತಾರಸಿ ಮೇಲಲ್ಲ, ಹೊಲದಲ್ಲಿ ಇರಬಹುದು.