ಹತ್ತನೆಯ ದಿನದ ಪ್ರಾರ್ಥನೆ

2025ರ ಜುಲೈ 25ರಂದು ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಧರ್ಮಭಗಿನಿಯರನ್ನೂ ಅವರೊಂದಿಗಿದ್ದ ಒಬ್ಬ ಯುವಕನನ್ನೂ ಬಂಧಿಸಲಾಯಿತು. ಮತಾಂತರ ಮತ್ತು ಮಾನವ ಕಳ್ಳಸಾಗಣೆಯ ಆರೋಪ ಅವರ ಮೇಲಿತ್ತು. ಆಗಸ್ಟ್ 2ರಂದು ಬಿಲಾಸ್‌ಪುರದ ವಿಶೇಷ ನ್ಯಾಯಾಲಯ ಅವರಿಗೆ ಜಾಮೀನು ನೀಡಿತು. ಬಂಧನದ ದಿನದಿಂದ ಜಾಮೀನಿನ ದಿನದವರೆಗೆ ಎಣಿಸಿದರೆ ಸರಿಯಾಗಿ ಒಂಬತ್ತು ದಿನ. ಒಂದು ನೊವೆನಾದ ಅವಧಿ.

ಆ ಒಂಬತ್ತು ದಿನ ದೇಶದ ಕ್ರೈಸ್ತ ಸಮುದಾಯ ಎಚ್ಚರವಾಗಿತ್ತು. ಹಲವೆಡೆ ಪ್ರತಿಭಟನೆ ನಡೆಯಿತು, ಸಂಸತ್ತಿನಲ್ಲಿ ವಿಷಯ ಪ್ರಸ್ತಾಪವಾಯಿತು, ಪ್ರಾರ್ಥನಾ ಸಭೆಗಳು ನಡೆದವು. ಇದೆಲ್ಲ ಆಗಬೇಕಾದದ್ದೇ. ಅನ್ಯಾಯ ಕಂಡಾಗ ದನಿಯೆತ್ತುವುದು ಸಂವಿಧಾನ ನಮಗೆ ಕೊಟ್ಟ ಹಕ್ಕು. ಆದರೆ ಹತ್ತನೆಯ ದಿನ ಏನಾಯಿತು? ಜಾಮೀನು ಸಿಕ್ಕ ಮಾತ್ರಕ್ಕೆ ಮೊಕದ್ದಮೆ ಮುಗಿಯುವುದಿಲ್ಲ. ಆ ಭಗಿನಿಯರಿಗಾಗಿ, ಅವರ ಜೊತೆ ಬಂಧಿತನಾದ ಯುವಕನಿಗಾಗಿ, ಅವರನ್ನು ತಡೆದು ನಿಲ್ಲಿಸಿದವರಿಗಾಗಿ ಹತ್ತನೆಯ ದಿನವೂ ಮೊಣಕಾಲೂರಿದವರು ನಮ್ಮಲ್ಲಿ ಎಷ್ಟು ಮಂದಿ?

ಮಣಿಪುರದ ವಿಷಯದಲ್ಲೂ ಹೀಗೆಯೇ ಆಯಿತು. 2023ರ ಮೇ 3ರಂದು ಅಲ್ಲಿ ಹಿಂಸಾಚಾರ ಆರಂಭವಾಯಿತು. 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ಸಾವಿರಾರು ಕುಟುಂಬಗಳು ಪರಿಹಾರ ಶಿಬಿರ ಸೇರಿದವು, ಅನೇಕ ಚರ್ಚ್‌ಗಳು ಸುಟ್ಟುಹೋದವು. ನಾವು ಮೇಣದ ಬತ್ತಿ ಹಿಡಿದು ಮೌನ ಮೆರವಣಿಗೆ ಮಾಡಿದೆವು. ಕೆಲವು ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮಣಿಪುರದ ಹೆಸರು ಬಂತು. ಪತ್ರಿಕೆಗಳ ಮುಖಪುಟದಿಂದ ಮಣಿಪುರ ಮರೆಯಾದಂತೆ ನಮ್ಮ ಪ್ರಾರ್ಥನೆಯಿಂದಲೂ ಮರೆಯಾಯಿತು. ಶಿಬಿರದಲ್ಲಿದ್ದವರ ಕಷ್ಟ ಮಾತ್ರ ಮುಗಿದಿರಲಿಲ್ಲ. ನಮ್ಮ ಪ್ರಾರ್ಥನೆಯ ಆಯುಸ್ಸನ್ನು ಸುದ್ದಿಯ ಆಯುಸ್ಸು ನಿರ್ಧರಿಸಬೇಕೆ?

ಕರಾವಳಿಯ ನಮಗೆ ಇದು ದೂರದ ಮಾತಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರವನ್ನು ನಾವು ಮರೆತಿಲ್ಲ. ಅಂದು ಪವಿತ್ರ ಶಿಲುಬೆಯ ಹಬ್ಬ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಬಳಿಯ ಅಡೋರೇಶನ್ ಮೊನಾಸ್ಟರಿಗೆ ನುಗ್ಗಿದವರು ಪರಮಪ್ರಸಾದಕ್ಕೇ ಅವಮಾನ ಮಾಡಿದರು. ಅಲ್ಲಿನ ಭಗಿನಿಯರು ರಾಜಕೀಯ ಮಾಡುವವರಲ್ಲ, ಬೀದಿಗೆ ಬಂದು ಬೋಧಿಸುವವರೂ ಅಲ್ಲ. ಮಠದ ಗೋಡೆಯೊಳಗಿದ್ದು ಪರಮಪ್ರಸಾದದ ಮುಂದೆ ಊರಿನ ಎಲ್ಲರಿಗಾಗಿ ಪ್ರಾರ್ಥಿಸುವುದೇ ಅವರ ಜೀವನ. ಊರಿಗಾಗಿ ಬೇಡುತ್ತಿದ್ದ ಮನೆಗೇ ಅಂದು ಪೆಟ್ಟು ಬಿತ್ತು. ಮುಂದೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ರಚನೆಯಾಗಿ, 2011ರಲ್ಲಿ ಅದರ ಅಂತಿಮ ವರದಿಯೂ ಬಂತು. ವರದಿಯ ಬಗ್ಗೆ ನಮ್ಮ ಸಮುದಾಯ ಸಾಕಷ್ಟು ಮಾತನಾಡಿದೆ. ಆದರೆ ಅಂದು ಕಲ್ಲು ಹಿಡಿದಿದ್ದ ಯುವಕರಿಗಾಗಿ ಒಂದು ಜಪಮಾಲೆಯನ್ನಾದರೂ ಅರ್ಪಿಸಿದ್ದೇವೆಯೇ ಎಂದು ಪ್ರತಿವರ್ಷ ಸೆಪ್ಟೆಂಬರ್ 14ರಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಬೆದರಿಕೆಯ ನಡುವೆ ಹೇಗೆ ಪ್ರಾರ್ಥಿಸಬೇಕು ಎಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ ನಾಲ್ಕನೆಯ ಅಧ್ಯಾಯ ನಮಗೆ ಮಾದರಿ. ಹುಟ್ಟು ಕುಂಟನನ್ನು ಗುಣಪಡಿಸಿದ ಕಾರಣಕ್ಕೆ ಪೇತ್ರ ಮತ್ತು ಯೊವಾನ್ನರ ಬಂಧನವಾಯಿತು. ಇನ್ನು ಮುಂದೆ ಯೇಸುವಿನ ಹೆಸರೆತ್ತಬಾರದೆಂದು ಬೆದರಿಸಿ ಅವರನ್ನು ಬಿಟ್ಟುಬಿಟ್ಟರು. ಅವರು ನೇರವಾಗಿ ತಮ್ಮವರ ಬಳಿಗೆ ಬಂದರು, ಎಲ್ಲರೂ ಒಮ್ಮನದಿಂದ ಪ್ರಾರ್ಥಿಸಿದರು. ಅವರು ಕೇಳಿದ್ದೇನು? ಬೆದರಿಕೆಯನ್ನು ತೆಗೆದುಹಾಕೆಂದು ಕೇಳಲಿಲ್ಲ, ಬೆದರಿಸಿದವರನ್ನು ದಂಡಿಸೆಂದೂ ಕೇಳಲಿಲ್ಲ. ಧೈರ್ಯದಿಂದ ಸಾಕ್ಷಿ ನುಡಿಯುವ ಶಕ್ತಿಯನ್ನು ಕೇಳಿದರು, ರೋಗಿಗಳು ಗುಣವಾಗಲೆಂದು ಬೇಡಿಕೊಂಡರು. ಅಂದರೆ ಯಾವ ಒಳ್ಳೆಯ ಕೆಲಸಕ್ಕಾಗಿ ಬಂಧಿತರಾದರೋ ಅದೇ ಕೆಲಸ ಮುಂದುವರಿಯಲೆಂದು ಬೇಡಿದರು. ಅವರು ಕೂಡಿದ್ದ ಸ್ಥಳ ಕಂಪಿಸಿತೆಂದು ಸಂತ ಲೂಕರು ಬರೆಯುತ್ತಾರೆ. ಭಯದಿಂದ ಹೊರಡುವ ಪ್ರಾರ್ಥನೆಗೂ ಹೃದಯದಿಂದ ಹೊರಡುವ ಪ್ರಾರ್ಥನೆಗೂ ಇರುವ ವ್ಯತ್ಯಾಸ ಇದೇ. ಮೊದಲನೆಯದು ಅಪಾಯ ಕಳೆದೊಡನೆ ನಿಲ್ಲುತ್ತದೆ. ಎರಡನೆಯದು ಕೆಲಸಕ್ಕೆ ಹಚ್ಚುತ್ತದೆ.

ಪ್ರಾರ್ಥನೆಯ ಉತ್ಸಾಹವೆಂದರೆ ದೊಡ್ಡ ಧ್ವನಿಯಲ್ಲ, ಧ್ವನಿವರ್ಧಕವೂ ಅಲ್ಲ. ದಿನವೂ ಬಿಡದೆ ಬೇಡುವ ನಿಷ್ಠೆಯೇ ಅದು. 2023ರ ಅಕ್ಟೋಬರ್‌ನಲ್ಲಿ ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಜಗದ್ಗುರು ಫ್ರಾನ್ಸಿಸ್‌ರವರು ಅಲ್ಲಿನ ಪವಿತ್ರ ಕುಟುಂಬದ ಧರ್ಮಕೇಂದ್ರಕ್ಕೆ ಬಹುತೇಕ ಪ್ರತಿ ಸಂಜೆ ದೂರವಾಣಿ ಕರೆ ಮಾಡುತ್ತಿದ್ದರು. ಏನು ಊಟ ಮಾಡಿದಿರಿ, ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಿಂದಲೂ ಕರೆ ಮಾಡಿದರು. 2025ರ ಏಪ್ರಿಲ್ 21ರಂದು ತೀರಿಹೋಗುವ ಕೊನೆಯ ದಿನಗಳವರೆಗೂ ಆ ಜನರನ್ನು ಮರೆಯಲಿಲ್ಲ. ಕರೆಯಿಂದ ಯುದ್ಧ ನಿಲ್ಲಲಿಲ್ಲ, ನಿಜ. ಆದರೆ ಆ ಜನ ತಾವು ಒಂಟಿಯಲ್ಲವೆಂದು ತಿಳಿದುಕೊಂಡರು. ಜೂಬಿಲಿಗೆ ಸಿದ್ಧತೆಯಾಗಿ 2024ನ್ನು ಪ್ರಾರ್ಥನಾ ವರ್ಷವೆಂದು ಘೋಷಿಸಿದವರೂ ಅವರೇ. ಆ ವರ್ಷ ಕಳೆಯಿತು, ಬ್ಯಾನರುಗಳೂ ಇಳಿದವು. ನಮ್ಮ ಮನೆಗಳಲ್ಲಿ ಏನು ಉಳಿಯಿತು?

ಹಿಂದೆ ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ ಗಂಟೆ ಬಾರಿಸಿದ ಮೇಲೆ ತೇರ್ಸ್ ಆಗದೆ ಊಟವಿರುತ್ತಿರಲಿಲ್ಲ. ತೇರ್ಸ್ ಮುಗಿದೊಡನೆ ಕಿರಿಯರು ಹಿರಿಯರ ಬಳಿ ಬೆಸಾಂವ್ ಬೇಡುತ್ತಿದ್ದರು. ಹಗಲಲ್ಲಿ ಜಗಳವಾಡಿದ ಅಣ್ಣತಮ್ಮಂದಿರೂ ಅದೇ ಪೀಠದ ಮುಂದೆ ನಿಲ್ಲಬೇಕಿತ್ತು. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಬೆಸಾಂವ್ ಬೇಡುವುದು ಸುಲಭವಲ್ಲ. ಇಂದು ಮಕ್ಕಳು ಕೊಲ್ಲಿ ದೇಶಗಳಲ್ಲಿ, ಬೆಂಗಳೂರಿನಲ್ಲಿ, ಕೆನಡಾದಲ್ಲಿ ಇದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು, ಕೆಲವೆಡೆ ಒಬ್ಬರೇ, ಜಪಮಾಲೆ ಹಿಡಿದು ಕೂತಿರುತ್ತಾರೆ. ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಮತ್ತು ಮೊಬೈಲು ತೇರ್ಸಿನ ಹೊತ್ತನ್ನು ಪಡೆದುಕೊಂಡಿವೆ. 2020ರ ಲಾಕ್‌ಡೌನ್ ವೇಳೆ ಇಗರ್ಜಿಗಳು ಮುಚ್ಚಿದಾಗ ಅನೇಕ ಮನೆಗಳ ಪೀಠದಲ್ಲಿ ಮತ್ತೆ ದೀಪ ಉರಿಯಿತು. ಇಗರ್ಜಿಯ ಬಾಗಿಲು ತೆರೆದ ಮೇಲೆ ಮನೆಯ ಆ ದೀಪ ಆರಬೇಕಾಗಿರಲಿಲ್ಲ.

ತಪ್ಪು ಜನರದ್ದು ಮಾತ್ರವಲ್ಲ. ಧರ್ಮಗುರುಗಳಾದ ನಾವು ಮೊದಲು ಎದೆ ಮುಟ್ಟಿಕೊಳ್ಳಬೇಕು. ಸಭೆ, ಕಟ್ಟಡ, ಲೆಕ್ಕಪತ್ರ, ಹಬ್ಬದ ತಯಾರಿಯ ನಡುವೆ ನಮ್ಮ ಪ್ರಾರ್ಥನಾ ಪುಸ್ತಕ ಎಷ್ಟೋ ದಿನ ಅವಸರದಲ್ಲಿ ತೆರೆದು ಅವಸರದಲ್ಲೇ ಮುಚ್ಚುತ್ತದೆ. ಪಾಲನಾ ಸಮಿತಿಯ ಸಭೆಯಲ್ಲಿ ಪ್ರಾರ್ಥನೆಗೆ ಎರಡು ನಿಮಿಷ, ಹಣದ ಚರ್ಚೆಗೆ ಎರಡು ಗಂಟೆ. ಗುರುವೇ ಮೊಣಕಾಲೂರದ ಊರಿನಲ್ಲಿ ಜನ ಮೊಣಕಾಲೂರಬೇಕೆಂದು ಬಯಸುವುದು ಹೇಗೆ?

ಆದುದರಿಂದ ಮಾಡಬಹುದಾದ ಕೆಲವು ಸಣ್ಣ ವಿಷಯಗಳನ್ನು ನಮ್ಮ ಓದುಗರ ಮುಂದಿಡುತ್ತೇವೆ. ದಿನಕ್ಕೆ ಹತ್ತು ನಿಮಿಷವಾದರೂ ಮನೆಯವರೆಲ್ಲರೂ ಕೂಡಿ ಪ್ರಾರ್ಥಿಸೋಣ. ದೂರದಲ್ಲಿರುವ ಮಕ್ಕಳು ವಾರಕ್ಕೊಮ್ಮೆ ಫೋನಿನಲ್ಲೇ ಅಪ್ಪ ಅಮ್ಮನ ತೇರ್ಸಿಗೆ ಸೇರಲಿ. ಪ್ರತಿ ವಾಳೆಯಲ್ಲಿ ಗುರಿಕಾರರು ಒಂಟಿಯಾಗಿರುವ ಹಿರಿಯರ ಮನೆಯನ್ನೇ ಆರಿಸಿ ತಿಂಗಳಿಗೊಮ್ಮೆ ಅಲ್ಲಿ ಜಪಮಾಲೆ ನಡೆಸಲಿ. ಪ್ರತಿ ಧರ್ಮಕೇಂದ್ರದಲ್ಲಿ ವಾರಕ್ಕೊಂದು ಗಂಟೆ, ಭಾಷಣವೂ ಬೇಡಿಕೆಯ ಪಟ್ಟಿಯೂ ಇಲ್ಲದ ಮೌನ ಆರಾಧನೆ ಇರಲಿ. ಆ ಗಂಟೆಯಲ್ಲಿ, ಸುದ್ದಿಯಿಂದ ಮರೆಯಾದ ಒಂದು ಊರಿನ ಹೆಸರನ್ನೂ ನಮ್ಮನ್ನು ದ್ವೇಷಿಸುವವರನ್ನೂ ನೆನೆಯೋಣ.

ಇದರಿಂದ ಪ್ರಕರಣಗಳು ಖುಲಾಸೆಯಾಗುತ್ತವೆ, ದಾಳಿಗಳು ನಿಲ್ಲುತ್ತವೆ ಎಂದು ನಾವು ಭರವಸೆ ಕೊಡುವುದಿಲ್ಲ. ಗೆತ್ಸೆಮನಿಯಲ್ಲಿ ಪ್ರಭು ಯೇಸುವಿನ ಪಾತ್ರೆಯೂ ದೂರವಾಗಲಿಲ್ಲ. ಆದರೆ ಪ್ರಾರ್ಥಿಸಿ ಎದ್ದ ಪ್ರಭು ಎದುರು ಬಂದವರತ್ತ ತಾವೇ ನಡೆದರು. ನಿದ್ದೆ ಮಾಡಿದ ಶಿಷ್ಯರು ಓಡಿಹೋದರು. ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ನಾವು ಯಾರಂತೆ ಇರುತ್ತೇವೆ ಎಂಬುದು, ಸುದ್ದಿಯೇ ಇಲ್ಲದ ಇಂದಿನ ಸಂಜೆ ನಾವು ಮೊಣಕಾಲೂರುತ್ತೇವೆಯೇ ಎಂಬುದರ ಮೇಲೆ ನಿಂತಿದೆ.