ರೋಮಿನ ಒಡಂಬಡಿಕೆಯೂ ತಾಳ್ಯದ ಒರಳೂ

ಜಗತ್ತಿನ ಹಸಿವನ್ನು ನೀಗಿಸುವ ಹೊಣೆ ಹೊತ್ತ ವಿಶ್ವಸಂಸ್ಥೆಯ ಮೂರು ಅಂಗಗಳು ಇಟಲಿಯ ರೋಮ್ ನಗರದಲ್ಲಿಯೇ ಕುಳಿತಿವೆ. 1945ರಲ್ಲಿ ಹುಟ್ಟಿದ ಆಹಾರ ಮತ್ತು ಕೃಷಿ ಸಂಸ್ಥೆ ಬೇಸಾಯದ ವಿದ್ಯೆ ಹೇಳುತ್ತದೆ. 1961ರ ವಿಶ್ವ ಆಹಾರ ಕಾರ್ಯಕ್ರಮ ಹಸಿದ ನಾಡುಗಳಿಗೆ ಧಾನ್ಯ ಸಾಗಿಸುತ್ತದೆ. 1977ರ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿ ಸಾಲ ಕೊಡುತ್ತದೆ. ಈ ಮೂವರು ಪರಸ್ಪರ ಕೂಡಿ ದುಡಿಯುವುದಕ್ಕಾಗಿ 2018ರ ಜೂನಿನಲ್ಲಿ ಐದು ವರ್ಷಗಳ ಒಡಂಬಡಿಕೆಯೊಂದಕ್ಕೆ ಸಹಿ ಹಾಕಿದರು. ಒಂದೇ ಓಣಿಯ ಮೂರು ಮನೆಯವರು ಮುಯ್ಯಾಳಿಗೆ ಕರಾರುಪತ್ರ ಬರೆದುಕೊಂಡದ್ದನ್ನು ನಮ್ಮ ಹಳ್ಳಿಗಳಲ್ಲಿ ನಾನಂತೂ ಕಂಡಿಲ್ಲ.

ಕೂಡಿ ದುಡಿಯುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಯಾರೊಡನೆ ಕೂಡುವುದು? ನಮ್ಮ ತಕರಾರು ಇರುವುದು ಅಲ್ಲಿ.

ಈ ಸಂಸ್ಥೆಗಳ ವಾಗ್ದಾನಗಳಿಗೆ ಒಂದು ಚರಿತ್ರೆಯಿದೆ. 1974ರಲ್ಲಿ ರೋಮಿನಲ್ಲಿ ಸೇರಿದ ವಿಶ್ವ ಆಹಾರ ಸಮ್ಮೇಳನವು ಹತ್ತು ವರ್ಷಗಳೊಳಗೆ ಯಾವ ಮಗುವೂ ಹಸಿದು ಮಲಗದಂತೆ ಮಾಡುವುದಾಗಿ ಸಾರಿತು. 1996ರಲ್ಲಿ ಅದೇ ನಗರದ ಶೃಂಗಸಭೆ, ಲೋಕದಲ್ಲಿ 80 ಕೋಟಿಗೂ ಹೆಚ್ಚು ಜನ ಹಸಿದಿದ್ದಾರೆಂದು ಒಪ್ಪಿ, 2015ರೊಳಗೆ ಆ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಪಣ ತೊಟ್ಟಿತು. 2015ರಲ್ಲಿ ಗಡುವು 2030ಕ್ಕೆ ಸರಿಯಿತು. ಗುರಿ ‘ಶೂನ್ಯ ಹಸಿವು’ ಎಂದಾಯಿತು. ಐದು ಸಂಸ್ಥೆಗಳು ಕೂಡಿ 2025ರಲ್ಲಿ ಹೊರತಂದ ವರದಿಯ ಪ್ರಕಾರ 2024ರಲ್ಲಿ ಹಸಿದಿದ್ದವರು 67 ಕೋಟಿ 30 ಲಕ್ಷ. ಐವರ ಲಾಂಛನಗಳೂ ಒಂದೇ ರಕ್ಷಾಪುಟದಲ್ಲಿ ಚೆಂದವಾಗಿ ಕೂತಿವೆ.

ಈಗ ಇದೇ ಲೆಕ್ಕವನ್ನು ತಾಳ್ಯದಿಂದ ನೋಡೋಣ. ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಿದು. ಮುಗಿಲು ನೋಡಿ ಬಿತ್ತುವ ಸೀಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಚಿತ್ರದುರ್ಗ ಜಿಲ್ಲೆಯ ಹೊಲಗಳು ಒಣಗಿ ನಿಂತಿದ್ದವು. ‘ಹಸಿವೆಲ್ಲಿದೆ ಸ್ವಾಮಿ, ಪಡಿತರದ ಅಕ್ಕಿ ಬರುತ್ತದಲ್ಲ’ ಎನ್ನುವವರುಂಟು. ಅನ್ನಭಾಗ್ಯವನ್ನು ಹಗುರವಾಗಿ ಕಾಣುವ ಉದ್ದಟತನ ನಮಗೆ ಬೇಡ. ಅದು ಎಷ್ಟೋ ಒಲೆಗಳನ್ನು ಉರಿಸಿದೆ. ಆದರೂ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೊಟ್ಟೆ ತುಂಬಿಯೂ ಮೈ ಹಸಿದಿರುವ ಸ್ಥಿತಿಯಿದು.

ಅಂತರರಾಷ್ಟ್ರೀಯ ಸಹಕಾರ ನಮಗೆ ಹೊಸದೇನೂ ಅಲ್ಲ. 1960ರ ದಶಕದಲ್ಲಿ ಯುನಿಸೆಫ್, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮೂರೂ ಕೂಡಿ ಭಾರತದಲ್ಲಿ ‘ಅನ್ವಯಿಕ ಪೌಷ್ಟಿಕತೆ ಕಾರ್ಯಕ್ರಮ’ ನಡೆಸಿದವು: ಶಾಲೆಯ ಕೈತೋಟ, ಕೋಳಿ, ಮೀನು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಮೂರು ಪಾಲು ಕಡಲೆಕಾಯಿ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು ಬೆರೆಸಿ ಪೌಷ್ಟಿಕ ಆಹಾರವನ್ನು ಸಿದ್ಧಪಡಿಸಿತು. ಎರಡೂ ನಮ್ಮ ಬಯಲಿನ ಬೆಳೆಗಳೇ. ಆದರೆ ನನ್ನ ತಲೆಮಾರಿನವರ ನಾಲಗೆಗೆ ನೆನಪಿರುವುದು ಯಾವುದು? ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು. ಅದನ್ನು ತಿಂದೇ ಅಕ್ಷರ ಕಲಿತವನು ನಾನು. ಉಂಡ ಮನೆಯ ಜಂತೆ ಎಣಿಸಲಾರೆ. ಹಡಗಿನಲ್ಲಿ ಬರುವಷ್ಟು ದಿನ ಉಪ್ಪಿಟ್ಟು ಬಂತು. ಆಮೇಲೆ ನಿಂತಿತು. ಕಡಲೆಕಾಯಿ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಕಡಲಾಚೆಯ ಹಿಟ್ಟನ್ನು ಬಡಿಸುವಾಗ, ಊರಿನ ಹೊಲಕ್ಕೂ ಶಾಲೆಯ ಒಲೆಗೂ ನಂಟು ಹಾಕಬೇಕೆಂದು ಯಾರಿಗೂ ತೋಚಲಿಲ್ಲವೇ?

ಈಚಿನ ಕಥೆ ಇನ್ನೂ ಸೋಜಿಗದ್ದು. 2001ರಲ್ಲಿ ವಿಶ್ವಬ್ಯಾಂಕಿನ ಹಣದಿಂದ ಸುಜಲ ಜಲಾನಯನ ಯೋಜನೆ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಿಗೆ ಬಂದಿತು. ಅದರ ಜೊತೆಗೆ ಜಲಾನಯನ ಸಂಘಗಳು ಹುಟ್ಟಿದವು. ಮರುವರ್ಷ ಅದೇ ಬ್ಯಾಂಕಿನ ಸಾಲದಿಂದ ಕೆರೆಗಳ ಯೋಜನೆ ಬಂದಿತು. ಅದಕ್ಕೆ ಕೆರೆ ಬಳಕೆದಾರರ ಸಂಘ. ಮಹಿಳಾ ಯೋಜನೆಗಳಿಗೆ ಸ್ವಸಹಾಯ ಸಂಘ. 2009ರಲ್ಲಿ ರಾಜ್ಯ ಸರ್ಕಾರ, ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯೊಡಗೂಡಿ ‘ಭೂಚೇತನ’ ಆರಂಭಿಸಿದಾಗ ರೈತ ಅನುವುಗಾರರೆಂಬ ಮತ್ತೊಂದು ಪಡೆ. ಮೇಲೆ ಸಂಸ್ಥೆಗಳೆಲ್ಲ ಕೂಡುತ್ತವೆ. ಕೆಳಗೆ ಒಂದೇ ಊರಿನ ಜನರನ್ನು ಯೋಜನೆಗೊಂದು ಸಂಘವಾಗಿ ವಿಂಗಡಿಸುತ್ತವೆ. ಯೋಜನೆ ಮುಗಿದ ದಿನ ಸಂಘದ ಖಾತೆಪುಸ್ತಕ ಗೂಡು ಸೇರುತ್ತದೆ. 73ನೆಯ ತಿದ್ದುಪಡಿಯಿಂದ ಸಂವಿಧಾನದ ಬಲ ಪಡೆದ ಗ್ರಾಮ ಪಂಚಾಯಿತಿ ಮಾತ್ರ ಇವೆಲ್ಲದರ ಹೊಸ್ತಿಲಾಚೆ ನಿಂತು ನೋಡುತ್ತಿರುತ್ತದೆ.

ಭೂಚೇತನದಲ್ಲಿ ಒಳ್ಳೆಯದಿರಲಿಲ್ಲವೆಂದಲ್ಲ. ನಮ್ಮ ಮಣ್ಣಿನಲ್ಲಿ ಸತು, ಬೋರಾನ್, ಗಂಧಕ ಕಡಮೆಯಾಗಿರುವುದನ್ನು ಪರೀಕ್ಷೆ ಮಾಡಿ ತೋರಿಸಿದರು; ಜಿಪ್ಸಮ್, ಸತುವಿನ ಸಲ್ಫೇಟ್, ಬೋರಾಕ್ಸನ್ನು ಅರ್ಧ ಬೆಲೆಗೆ ಕೊಟ್ಟರು; ಇಳುವರಿಯೂ ಏರಿತೆಂದು ವರದಿಗಳಿವೆ. ಮಣ್ಣಿನ ಹಸಿವನ್ನು ಅಳೆದ ವಿಜ್ಞಾನಕ್ಕೆ ನಮಸ್ಕಾರ. ಆದರೆ ಆ ಮಣ್ಣಿನಲ್ಲಿ ಏನನ್ನು ಬಿತ್ತಬೇಕು, ಬೆಳೆದದ್ದನ್ನು ಯಾರು ಉಣ್ಣಬೇಕು ಎಂಬ ಪ್ರಶ್ನೆ ಅದರ ಕಕ್ಷೆಯ ಹೊರಗೇ ಉಳಿಯಿತು. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದ ಹೊಲಗಳಿಗೆ ಮೆಕ್ಕೆಜೋಳ ಬಂದಿದೆ. ಅದರ ಸಂಕರಣ ಬೀಜವನ್ನು ವರ್ಷವರ್ಷವೂ ಅಂಗಡಿಯಿಂದ ತರಬೇಕು. ಕಾಳು ಹೋಗುವುದು ಕೋಳಿ ಮೇವಿನ ಕಾರ್ಖಾನೆಗೆ, ಈಚೆಗೆ ಎಥೆನಾಲ್ ಭಟ್ಟಿಗೆ. ರೈತನನ್ನು ದೂರಿ ಫಲವಿಲ್ಲ. ಕೊಳ್ಳುವವನು ಬರುವ ಬೆಳೆಯನ್ನು ಅವನು ಬೆಳೆಯುತ್ತಾನೆ.

ಇನ್ನು 2023, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಭಾರತದ ಕೋರಿಕೆಯಂತೆ ವಿಶ್ವಸಂಸ್ಥೆಯೇ ಸಾರಿದ್ದು. ಅದಕ್ಕೆ ಮುನ್ನ, 2021ರ ಡಿಸೆಂಬರಿನಲ್ಲಿ, ವಿಶ್ವ ಆಹಾರ ಕಾರ್ಯಕ್ರಮವೂ ನೀತಿ ಆಯೋಗವೂ ಸಿರಿಧಾನ್ಯಗಳ ಪ್ರಸಾರಕ್ಕಾಗಿ ಕೈಜೋಡಿಸಿದ್ದವು. ಉತ್ಸವ, ಮೇಳ, ಬಿಸ್ಕತ್ತು, ಪಂಚತಾರಾ ಭೋಜನ! ಅದೇ ವರ್ಷ ಕೇಂದ್ರ ಪ್ರಕಟಿಸಿದ ಬೆಂಬಲ ಬೆಲೆಯ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆಗಳಿದ್ದವು. ಸಾವೆಗೆ, ನವಣೆಗೆ, ಕೊರಲೆಗೆ ಅವುಗಳದ್ದೇ ಆದ ಬೆಲೆಯಿರಲಿಲ್ಲ.

ಸಾವೆ ನಮ್ಮ ತಟ್ಟೆಯಿಂದ ಮರೆಯಾದುದಕ್ಕೆ ಇನ್ನೊಂದು ಕಾರಣವಿದೆ. ಮೇಳಗಳಲ್ಲಿ ಭಾಷಣ ಮಾಡುವವರು ಅದನ್ನು ಹೇಳುವುದಿಲ್ಲ. ರಾಗಿಯನ್ನು ಹಾಗೆಯೇ ಬೀಸಬಹುದು. ಸಾವೆಗೆ ಗಟ್ಟಿ ಹೊಟ್ಟಿದೆ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಿದರೆ ಕ್ವಿಂಟಲಿಗೆ ಸುಮಾರು 60ರಿಂದ 65 ಕಿಲೋ ಅಕ್ಕಿ ದಕ್ಕುತ್ತದೆ. ಆ ದುಡಿಮೆಯೆಲ್ಲ ಹೆಂಗಸರದು. ಅಕ್ಕಿ ಗಿರಣಿ ಹಳ್ಳಿಗೆ ಬಂದಿತು, ಸಾವೆಯ ಗಿರಣಿ ಬರಲಿಲ್ಲ. ಹೆಂಗಸರು ಒನಕೆ ಕೆಳಗಿಟ್ಟರು. ಸರಿಯಾಗಿಯೇ ಇಟ್ಟರು. ಅವರು ಮತ್ತೆ ಒನಕೆ ಹಿಡಿಯಲೆಂದು ಬಯಸುವ ಪರಿಸರವಾದ ನಮ್ಮದಲ್ಲ. ಹೋಬಳಿಗೊಂದು ಹೊಟ್ಟು ಬಿಡಿಸುವ ಯಂತ್ರ ಬೇಕು, ಅದು ಪಂಚಾಯಿತಿಯ ಅಂಕೆಯಲ್ಲಿರಬೇಕು. ರೋಮಿನಿಂದ ಬರುವ ನೆರವು ಇಷ್ಟು ಚಿಕ್ಕದಾಗಲು ಒಪ್ಪೀತೆ?

ನಾಡು ನಾಡುಗಳ ಕೂಡುವಿಕೆ ಹೇಗಿರಬೇಕೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಫ್ರಿಕದ ರೈತರು ತಲೆತಲಾಂತರ ಕಾದಿಟ್ಟ ಗುಣ ಕನ್ನಡ ನಾಡಿನ ಒಣಹೊಲಕ್ಕೆ ಇಳಿಯಿತು. ಆ ಬೀಜವನ್ನು ರೈತ ತನ್ನ ಕಣದಿಂದಲೇ ಎತ್ತಿಟ್ಟು ಮರುವರ್ಷ ಬಿತ್ತಬಹುದಿತ್ತು. ಯೋಜನೆ ಮುಗಿದರೂ ಬೀಜ ಉಳಿಯಿತು. ಹೊರಗಿನ ಹಣವನ್ನೇ ನಚ್ಚಿದರೆ ಏನಾಗುತ್ತದೆಂಬುದನ್ನು 2025 ತೋರಿಸಿದೆ: ದಾನಿ ದೇಶಗಳು ಕೈ ಹಿಂತೆಗೆದುದರಿಂದ ವಿಶ್ವ ಆಹಾರ ಕಾರ್ಯಕ್ರಮವೇ ತನ್ನ ಹಣದಲ್ಲಿ ನೂರಕ್ಕೆ ನಲವತ್ತರಷ್ಟು ಕುಸಿತವನ್ನು ನಿರೀಕ್ಷಿಸಬೇಕಾಯಿತು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬೇಡಿಕೆ. ನಿಮ್ಮ ಊರಿನ ಅಂಗನವಾಡಿಗೂ ಶಾಲೆಯ ಅಡುಗೆಮನೆಗೂ ಹೋಗಿ, ಅಲ್ಲಿ ಬೇಯುವ ಪ್ರತಿ ಧಾನ್ಯ, ಬೇಳೆ, ಎಣ್ಣೆ ಎಲ್ಲಿಂದ ಬರುತ್ತದೆಂದು ಕೇಳಿ ಬರೆದುಕೊಳ್ಳಿ. 2024ರಿಂದ ಶಾಲೆಗಳಲ್ಲಿ ರಾಗಿ ಮಾಲ್ಟ್ ಕೊಡಲಾರಂಭಿಸಿದರು. ಆ ರಾಗಿ ಯಾವ ಸೀಮೆಯದೆಂದೂ ಕೇಳಿ. ಎದುರಿನ ಅಂಕಣದಲ್ಲಿ ನಿಮ್ಮ ಊರಿನ ಹೊಲಗಳಲ್ಲಿ ಈ ವರ್ಷ ಬೆಳೆದದ್ದನ್ನು ಬರೆಯಿರಿ. ಹಿರಿಯರು ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿಸಿ, ಊರಿನ ಮಕ್ಕಳ ಊಟಕ್ಕೆ ಊರಿನ ರಾಗಿ, ಸಾವೆ, ಅವರೆಯನ್ನೇ ನ್ಯಾಯಬೆಲೆಗೆ ಕೊಳ್ಳಬೇಕೆಂದು ನಿರ್ಣಯ ಬರೆಸಲಿ. ಒಂದು ಪ್ರತಿ ಜಿಲ್ಲಾ ಪಂಚಾಯಿತಿಗೆ, ಒಂದು ನಮ್ಮ ಬಳಗಕ್ಕೆ. ಮೂರನೆಯದನ್ನು ರೋಮಿಗೆ ಕಳುಹಿಸುವ ಅಂಚೆ ವೆಚ್ಚವನ್ನು ಬಳಗವೇ ಭರಿಸುತ್ತದೆ.